ಪಿಪಿಸಿ ಕ್ಯಾಂಪೇನ್‌ಗೆ ಸಾಫ್ಟ್‌ವೇರ್ ಆರಿಸುವುದು ಹೇಗೆ? ದುಡ್ಡು ಕೊಡುವ ಮುಂಚೆ ಮಾಡಬೇಕಾದ ಲೆಕ್ಕ

ಕ್ಲಿಕ್ಕಿಗಿಷ್ಟು ಎಂದು ದುಡ್ಡು ಕೊಡುವ ಜಾಹೀರಾತುಗಳನ್ನು, ಅಂದರೆ ಪಿಪಿಸಿ ಕ್ಯಾಂಪೇನ್‌ಗಳನ್ನು, ನೋಡಿಕೊಳ್ಳಲು ಸಾಫ್ಟ್‌ವೇರ್ ಹುಡುಕುವವರು ಸಾಮಾನ್ಯವಾಗಿ ನಾಲ್ಕೈದು ಕಂಪನಿಗಳ ಫೀಚರ್ ಪಟ್ಟಿ ಮುಂದಿಟ್ಟುಕೊಂಡು ಟಿಕ್ ಹಾಕುತ್ತಾ ಕೂರುತ್ತಾರೆ. ಆ ಪಟ್ಟಿಗಳಲ್ಲಿ ಎಲ್ಲರ ಹತ್ತಿರವೂ ಎಲ್ಲವೂ ಇರುತ್ತದೆ. ಹಾಗಾಗಿ ಕೊನೆಗೆ ಚೆನ್ನಾಗಿ ಡೆಮೊ ಕೊಟ್ಟವರದ್ದೇ ಆಯ್ಕೆಯಾಗುತ್ತದೆ. ಪಟ್ಟಿಯನ್ನು ಪಕ್ಕಕ್ಕಿಟ್ಟು, ನಿಮ್ಮ ಸಮಯ ಎಲ್ಲಿ ಹೋಗುತ್ತಿದೆ ಎಂದು ಮೊದಲು ಬರೆದಿಡಿ.

ಎರಡು ವಾರ ಸಾಕು. ಒಂದು ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿ: ದಿನಾಂಕ, ಖಾತೆ, ಏನು ಕೆಲಸ, ಎಷ್ಟು ನಿಮಿಷ. ಸರ್ಚ್ ಟರ್ಮ್ (ಜನ ನಿಜವಾಗಿ ಟೈಪ್ ಮಾಡಿ ಹುಡುಕಿದ ಪದಗಳು) ನೋಡಿದ್ದು, ಬಜೆಟ್ ಮುಗಿದಿದೆಯೇ ಎಂದು ಇಣುಕಿದ್ದು, ರಿಪೋರ್ಟ್ ಮಾಡಿದ್ದು, ಜಾಹೀರಾತಿನ ಸಾಲು ಬದಲಿಸಿದ್ದು, ಪ್ರಾಡಕ್ಟ್ ಫೀಡ್ (ಮಾರುವ ವಸ್ತುಗಳ ಹೆಸರು, ಬೆಲೆಯ ಪಟ್ಟಿ) ಸರಿಪಡಿಸಿದ್ದು, ಎಲ್ಲವನ್ನೂ ಬರೆಯಿರಿ. ಎರಡು ವಾರದ ನಂತರ ಕೂಡಿದರೆ ಬಹುತೇಕ ಯಾವುದೋ ಎರಡು ಕೆಲಸ ಅರ್ಧಕ್ಕಿಂತ ಹೆಚ್ಚು ಸಮಯ ತಿಂದಿರುತ್ತವೆ. ನೀವು ಸಾಫ್ಟ್‌ವೇರ್ ಹುಡುಕಬೇಕಾದ್ದು ಆ ಎರಡಕ್ಕೆ. ಉಳಿದ ನಲವತ್ತು ಫೀಚರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಬಿಡ್ ಹಾಕಲು ಸಾಫ್ಟ್‌ವೇರ್ ಬೇಕೇ?

ಹಿಂದೆ ಇಂಥ ಸಾಫ್ಟ್‌ವೇರ್ ಕೊಳ್ಳುತ್ತಿದ್ದುದೇ ಬಿಡ್‌ಗಾಗಿ, ಅಂದರೆ ಒಂದು ಕ್ಲಿಕ್ಕಿಗೆ ಎಷ್ಟು ಕೊಡಲು ಸಿದ್ಧ ಎಂದು ಹರಾಜಿನಲ್ಲಿ ಕೂಗುವ ಬೆಲೆಗಾಗಿ. ಪ್ರತಿ ಕೀವರ್ಡ್‌ಗೆ (ಜಾಹೀರಾತು ಯಾವ ಹುಡುಕಾಟಕ್ಕೆ ಬರಬೇಕೆಂದು ನೀವು ಕೊಡುವ ಪದ) ಎಷ್ಟು ಬಿಡ್ ಹಾಕಬೇಕೆಂದು ಟೂಲ್ ಲೆಕ್ಕ ಹಾಕಿ ದಿನಕ್ಕೊಂದೆರಡು ಸಲ ಬದಲಿಸುತ್ತಿತ್ತು. ಈಗ ಗೂಗಲ್‌ನ ಸ್ಮಾರ್ಟ್ ಬಿಡ್ಡಿಂಗ್ ಪ್ರತಿಯೊಂದು ಹರಾಜಿನ ಹೊತ್ತಿಗೇ, ಹುಡುಕುತ್ತಿರುವವರ ಡಿವೈಸ್, ಸ್ಥಳ, ಸಮಯ ಎಲ್ಲ ನೋಡಿ ಬಿಡ್ ನಿರ್ಧರಿಸುತ್ತದೆ. ಹೊರಗಿನ ಯಾವ ಟೂಲ್‌ಗೂ ಆ ಕ್ಷಣದ ಮಾಹಿತಿ ಸಿಗುವುದಿಲ್ಲ. ಕೈಯಿಂದ ಹಾಕಿದ ಬಿಡ್ ಅನ್ನು ಗೂಗಲ್ ಸ್ವಲ್ಪ ಏರಿಸಿ ಇಳಿಸುತ್ತಿದ್ದ ಎನ್‌ಹ್ಯಾನ್ಸ್ಡ್ ಸಿಪಿಸಿ ಕೂಡ ಸರ್ಚ್ ಮತ್ತು ಡಿಸ್‌ಪ್ಲೇ ಕ್ಯಾಂಪೇನ್‌ಗಳಿಂದ 2025ರ ಮಾರ್ಚ್‌ನಲ್ಲಿ ಹೋಯಿತು.

ಆದ್ದರಿಂದ "ನಮ್ಮ ಎಐ ನಿಮ್ಮ ಬಿಡ್ ನೋಡಿಕೊಳ್ಳುತ್ತದೆ" ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಟೂಲ್ ಬದಲಿಸುವುದು ಕೀವರ್ಡ್‌ನ ಬಿಡ್ ಅನ್ನೋ, ಟಾರ್ಗೆಟ್ ಅನ್ನೋ? ಸ್ಮಾರ್ಟ್ ಬಿಡ್ಡಿಂಗ್ ಇರುವ ಕ್ಯಾಂಪೇನ್‌ನಲ್ಲಿ ಕೀವರ್ಡ್ ಬಿಡ್ ಬದಲಿಸಿ ಏನೂ ಪ್ರಯೋಜನವಿಲ್ಲ, ಅದನ್ನು ಯಾರೂ ಓದುವುದೇ ಇಲ್ಲ. ಟಾರ್ಗೆಟ್ ಸಿಪಿಎ (ಒಂದು ಆರ್ಡರ್ ಅಥವಾ ವಿಚಾರಣೆಗೆ ಎಷ್ಟು ಖರ್ಚಾಗಬಹುದು) ಅಥವಾ ಟಾರ್ಗೆಟ್ ರೋಆಸ್ (ಖರ್ಚಿನ ಎಷ್ಟು ಪಟ್ಟು ಮಾರಾಟ ಬರಬೇಕು) ಬದಲಿಸುವುದಾದರೆ ಎಷ್ಟು ದಿನಕ್ಕೊಮ್ಮೆ, ಒಂದು ಸಲಕ್ಕೆ ಹೆಚ್ಚೆಂದರೆ ಶೇ ಎಷ್ಟು ಎಂಬ ಮಿತಿಯನ್ನು ನೀವೇ ಇಡುವಂತಿರಬೇಕು. ದಿನವೂ ಟಾರ್ಗೆಟ್ ಅಲುಗಾಡಿಸುವ ಟೂಲ್ ಇದ್ದರೆ ಗೂಗಲ್‌ನ ಕಲಿಕೆ ಎಂದೂ ನೆಲೆಗೊಳ್ಳುವುದಿಲ್ಲ. ಒಂದೇ ಎತ್ತಿನ ಮೂಗುದಾರವನ್ನು ಇಬ್ಬರು ಎಳೆದಂತೆ.

ಪುಕ್ಕಟೆ ಇರುವುದನ್ನು ಮೊದಲು ಪೂರ್ತಿ ಬಳಸಿ

ದುಡ್ಡು ಕೊಟ್ಟು ಕೊಳ್ಳುವ ಅರ್ಧದಷ್ಟು ಕೆಲಸಕ್ಕೆ ಗೂಗಲ್, ಮೈಕ್ರೋಸಾಫ್ಟ್ ಎರಡೂ ಉಚಿತವಾಗಿ ಟೂಲ್ ಕೊಟ್ಟಿವೆ. ಸಾವಿರಾರು ಜಾಹೀರಾತುಗಳನ್ನು ಒಟ್ಟಿಗೆ ತಿದ್ದಲು ಗೂಗಲ್ ಆಡ್ಸ್ ಎಡಿಟರ್ ಇದೆ. ಕಂಪ್ಯೂಟರ್‌ಗೆ ಇಳಿಸಿಕೊಂಡು ಆಫ್‌ಲೈನ್‌ನಲ್ಲೇ ತಿದ್ದಿ, ತಪ್ಪಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಒಟ್ಟಿಗೆ ಪೋಸ್ಟ್ ಮಾಡಬಹುದು. ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್‌ಗೆ ಅದರದೇ ಎಡಿಟರ್ ಇದೆ, ಗೂಗಲ್‌ನ ಕ್ಯಾಂಪೇನ್‌ಗಳನ್ನು ನೇರವಾಗಿ ಇಂಪೋರ್ಟ್ ಮಾಡುವ ಸೌಲಭ್ಯವೂ ಇದೆ. ಹಲವು ಖಾತೆ ನೋಡಿಕೊಳ್ಳುವವರಿಗೆ ಮ್ಯಾನೇಜರ್ ಅಕೌಂಟ್ ಉಂಟು. ಚಾರ್ಟ್‌ಗಳಿಗೆ ಲುಕರ್ ಸ್ಟುಡಿಯೊ.

ಜನ ಹೆಚ್ಚು ಕಡೆಗಣಿಸುವುದು ಗೂಗಲ್ ಆಡ್ಸ್ ಸ್ಕ್ರಿಪ್ಟ್‌ಗಳನ್ನು. ಇವು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸಣ್ಣ ಪ್ರೋಗ್ರಾಂಗಳು. ಗಂಟೆಗೊಮ್ಮೆ ಓಡಿಸಬಹುದು, ಒಂದು ಓಟಕ್ಕೆ 30 ನಿಮಿಷದ ಮಿತಿ. "ಲ್ಯಾಂಡಿಂಗ್ ಪೇಜ್ (ಕ್ಲಿಕ್ ಮಾಡಿದವರು ಬಂದಿಳಿಯುವ ಪುಟ) 404 ಕೊಡುತ್ತಿದ್ದರೆ, ಅಂದರೆ ಸಿಗದಿದ್ದರೆ, ಮೇಲ್ ಕಳಿಸು", "ನಿನ್ನೆಯ ಖರ್ಚು ಮಾಮೂಲಿಗಿಂತ ದುಪ್ಪಟ್ಟಾದರೆ ತಿಳಿಸು" ಎಂಬಂಥ ಕೆಲಸಕ್ಕೆ ಇದಕ್ಕಿಂತ ಬೇರೆ ಬೇಡ. ತೊಂದರೆ ಏನೆಂದರೆ, ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಸ್ಕ್ರಿಪ್ಟ್ ಕೆಟ್ಟು ನಿಂತರೂ ಯಾರಿಗೂ ಗೊತ್ತಾಗುವುದಿಲ್ಲ. ನೋಡಿಕೊಳ್ಳಲು ಒಬ್ಬರಿದ್ದರೆ ಸ್ಕ್ರಿಪ್ಟ್, ಇಲ್ಲದಿದ್ದರೆ ಟೂಲ್ ಎಂದು ಇಟ್ಟುಕೊಳ್ಳಬಹುದು.

ಒಂದೇ ನೆಟ್‌ವರ್ಕ್, ಹತ್ತಿಪ್ಪತ್ತು ಕ್ಯಾಂಪೇನ್, ನೋಡಿಕೊಳ್ಳಲು ಒಬ್ಬರು: ಇಷ್ಟೇ ಇದ್ದರೆ ಇಲ್ಲಿಗೇ ನಿಲ್ಲಿಸಬಹುದು. ಕೊಳ್ಳುವ ಅಗತ್ಯವೇ ಇಲ್ಲ.

ಯಾವ ಕೆಲಸಕ್ಕೆ ಯಾವ ಬಗೆಯದ್ದು

ಮಾರುಕಟ್ಟೆಯಲ್ಲಿ "ಪಿಪಿಸಿ ಸಾಫ್ಟ್‌ವೇರ್" ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಜಾತಿಯ ಸರಕಿದೆ. ಆಪ್ಟ್‌ಮೈಸರ್, ಅಡಾಲಿಸಿಸ್, ಆಪ್ಟಿಯೊ ಇವು ಖಾತೆಯನ್ನು ಜಾಲಾಡಿ "ಇದನ್ನು ತಿದ್ದು, ಅದನ್ನು ತೆಗೆ" ಎಂದು ಸಲಹೆ ಕೊಡುವಂಥವು. ದೊಡ್ಡ ಖರ್ಚಿನ, ಹಲವು ಸರ್ಚ್ ಎಂಜಿನ್‌ಗಳ ಕೆಲಸಕ್ಕೆ ಗೂಗಲ್‌ನದೇ ಸರ್ಚ್ ಆಡ್ಸ್ 360, ಹಿಂದೆ ಕೆನ್‌ಶೂ ಎಂದಿದ್ದ ಸ್ಕೈ, ಅಡೋಬಿಯ ಜಾಹೀರಾತು ಟೂಲ್ ಇವೆ. ಸೂಪರ್‌ಮೆಟ್ರಿಕ್ಸ್, ಫನಲ್ ಥರದವು ಬೇರೆ ಬೇರೆ ಕಡೆಯ ಅಂಕಿಗಳನ್ನು ಒಂದೆಡೆ ತಂದು ಸುರಿಯುತ್ತವೆ, ಖಾತೆಯಲ್ಲಿ ಏನನ್ನೂ ಬದಲಿಸುವುದಿಲ್ಲ. ಪ್ರಾಡಕ್ಟ್ ಫೀಡ್ ತಿದ್ದುವ ಟೂಲ್‌ಗಳದ್ದು ಇನ್ನೊಂದು ಗುಂಪು. ಶಾಪಿಂಗ್ ಜಾಹೀರಾತು ಮಾಡುವವರಿಗೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಕೀವರ್ಡ್ ಇಲ್ಲ. ಪ್ರಾಡಕ್ಟ್‌ನ ಟೈಟಲ್, ವಿವರಣೆ ಮುಂತಾಗಿ ಫೀಡ್‌ನಲ್ಲಿ ಏನಿದೆಯೋ ಅದನ್ನು ನೋಡಿಯೇ ಯಾವ ಹುಡುಕಾಟಕ್ಕೆ ತೋರಿಸಬೇಕೆಂದು ಗೂಗಲ್ ತೀರ್ಮಾನಿಸುತ್ತದೆ.

ಕಳ್ಳ ಕ್ಲಿಕ್ ತಡೆಯುತ್ತೇವೆ ಎನ್ನುವ ಟೂಲ್‌ಗಳ ಬಗ್ಗೆ ಒಂದು ಮಾತು. ಅವು ಮುಖ್ಯವಾಗಿ ಮಾಡುವುದು ಅನುಮಾನದ ಐಪಿ ವಿಳಾಸಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸುವುದು. ಗೂಗಲ್‌ನಲ್ಲಿ ಒಂದು ಕ್ಯಾಂಪೇನ್‌ಗೆ ಹೊರಗಿಡಬಹುದಾದ ಐಪಿಗಳು 500 ಮಾತ್ರ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಒಂದೇ ಐಪಿಯ ಹಿಂದೆ ನೂರಾರು ಜನ ಇರುತ್ತಾರೆ, ಕಳ್ಳನನ್ನು ತಡೆಯಲು ಹೋಗಿ ಗಿರಾಕಿಯನ್ನೂ ತಡೆದಂತಾಗುತ್ತದೆ. ಗೂಗಲ್ ತಾನಾಗಿಯೇ ಶೋಧಿಸಿ ಬಿಟ್ಟ ಇನ್‌ವ್ಯಾಲಿಡ್ ಕ್ಲಿಕ್‌ಗಳ ಕಾಲಂ ಕ್ಯಾಂಪೇನ್ ರಿಪೋರ್ಟ್‌ನಲ್ಲೇ ಇದೆ. ಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಿ.

ಸರ್ಚ್ ಟರ್ಮ್ ಟೂಲ್ ಅನ್ನು ಹತ್ತಿರದಿಂದ ನೋಡುವುದು

ಹೆಚ್ಚಿನವರ ಶೀಟ್‌ನಲ್ಲಿ ಮೊದಲ ಸ್ಥಾನ ಇದಕ್ಕೇ. ವಾಟರ್ ಫಿಲ್ಟರ್ ಮಾರುವ ಒಂದು ಖಾತೆ ಎಂದುಕೊಳ್ಳಿ. "ಫಿಲ್ಟರ್ ರಿಪೇರಿ ಹೇಗೆ", "ಹಳೆ ಫಿಲ್ಟರ್ ರಿಪೇರಿ", "ಫಿಲ್ಟರ್ ರಿಪೇರಿ ಖರ್ಚು" ಹೀಗೆ 24 ಹುಡುಕಾಟಗಳು, ಒಂದೊಂದಕ್ಕೂ ಎರಡೋ ಮೂರೋ ಕ್ಲಿಕ್. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. "ರಿಪೇರಿ" ಎಂಬ ಪದವನ್ನು ಹಿಡಿದು ಕೂಡಿದರೆ 58 ಕ್ಲಿಕ್, ಒಂದೂ ಕನ್ವರ್ಷನ್ (ಆರ್ಡರ್, ಫೋನ್ ಕರೆಯಂಥ ಫಲ) ಇಲ್ಲ. ಪದಗಳನ್ನು ಹೀಗೆ ಒಡೆದು ಕೂಡುವುದಕ್ಕೆ ಎನ್-ಗ್ರಾಂ ಎನ್ನುತ್ತಾರೆ. ಇದು ಇಲ್ಲದ ಸರ್ಚ್ ಟರ್ಮ್ ಟೂಲ್‌ಗೆ ದುಡ್ಡು ಕೊಡಬೇಡಿ.

ಆ 58 ಕ್ಲಿಕ್ ಸಾಕೇ? ಖಾತೆಯ ಸರಾಸರಿ ಕನ್ವರ್ಷನ್ ದರ ಶೇ 4 ಇದ್ದರೆ 58 ಕ್ಲಿಕ್‌ಗೆ ಎರಡಾದರೂ ಬರಬೇಕಿತ್ತು. ಆದರೂ ಬರೀ ದುರದೃಷ್ಟದಿಂದ ಸೊನ್ನೆ ಬರುವ ಸಾಧ್ಯತೆ 0.96ರ 58ನೇ ಘಾತ, ಅಂದರೆ ಸುಮಾರು ಶೇ 9. 100 ಕ್ಲಿಕ್ ಆದರೆ ಅದು ಶೇ 2ರ ಒಳಗೆ ಬರುತ್ತದೆ. "10 ಕ್ಲಿಕ್, 0 ಕನ್ವರ್ಷನ್" ಎಂಬ ಸಿದ್ಧ ನಿಯಮದ ಮೇಲೆ ಪದಗಳನ್ನು ಕತ್ತರಿಸುವ ಟೂಲ್ ಒಳ್ಳೆಯ ಪದಗಳನ್ನೂ ಕತ್ತರಿಸುತ್ತದೆ: ಅದೇ ಖಾತೆಯಲ್ಲಿ 10 ಕ್ಲಿಕ್‌ಗೆ ಸೊನ್ನೆ ಬರುವ ಸಾಧ್ಯತೆ ಶೇ 66. ಮಿತಿಯನ್ನು ನಿಮ್ಮ ಖಾತೆಯ ದರಕ್ಕೆ ತಕ್ಕಂತೆ ನೀವೇ ಇಡುವಂತಿರಬೇಕು. ಅರ್ಥದಿಂದಲೇ ತಿಳಿಯುವ "ರಿಪೇರಿ"ಯಂಥ ಪದಕ್ಕೆ ಲೆಕ್ಕ ಕಾಯುವ ಅಗತ್ಯವಿಲ್ಲ, ಅದು ಬೇರೆ ಮಾತು.

ಇನ್ನು ನೆಗೆಟಿವ್, ಅಂದರೆ ಜಾಹೀರಾತು ಬರಬಾರದ ಪದ, ಸೇರಿಸುವ ರೀತಿ. ಕೆಲವು ಟೂಲ್‌ಗಳು ಆ 24 ಹುಡುಕಾಟಗಳನ್ನೂ ಒಂದೊಂದಾಗಿ ಎಕ್ಸಾಕ್ಟ್ ನೆಗೆಟಿವ್ (ಇಡೀ ಹುಡುಕಾಟ ಹಾಗೇ ಇದ್ದರೆ ಮಾತ್ರ ತಡೆಯುವುದು) ಮಾಡುತ್ತವೆ. ಮುಂದಿನ ವಾರ 25ನೆಯದು ಹೊಸ ವೇಷದಲ್ಲಿ ಬರುತ್ತದೆ. ಆಗಬೇಕಾದ್ದು "ರಿಪೇರಿ" ಎಂಬ ಒಂದೇ ಫ್ರೇಸ್ ನೆಗೆಟಿವ್ (ಆ ಪದ ಹುಡುಕಾಟದಲ್ಲಿ ಎಲ್ಲಿದ್ದರೂ ತಡೆಯುವುದು), ಅದೂ ಎಲ್ಲ ಕ್ಯಾಂಪೇನ್‌ಗಳಿಗೆ ಹಂಚಿದ ಪಟ್ಟಿಯಲ್ಲಿ. ಗೂಗಲ್‌ನಲ್ಲಿ ಇಂಥ ಒಂದು ಪಟ್ಟಿಗೆ 5,000 ಪದ, ಒಂದು ಖಾತೆಗೆ 20 ಪಟ್ಟಿ. ಅದೇ ಖಾತೆಯಲ್ಲಿ "ಫಿಲ್ಟರ್ ರಿಪೇರಿ ಕಿಟ್" ಕೀವರ್ಡ್ ಇದ್ದರೆ ಈ ನೆಗೆಟಿವ್ ಅದರ ಬಾಯಿಯನ್ನೂ ಕಟ್ಟುತ್ತದೆ. ಸೇರಿಸುವ ಮುಂಚೆಯೇ ಇಂಥ ಘರ್ಷಣೆಯನ್ನು ಟೂಲ್ ತೋರಿಸುತ್ತದೆಯೇ ಎಂದು ಟ್ರಯಲ್‌ನಲ್ಲಿ ಬೇಕೆಂದೇ ಹೀಗೊಂದು ಜೋಡಿ ಮಾಡಿ ನೋಡಿ. ಕನ್ನಡದಂಥ ಭಾಷೆಯ ಹುಡುಕಾಟಗಳಿದ್ದರೆ ಇನ್ನೊಂದು ಪರೀಕ್ಷೆಯೂ ಉಂಟು: "ರಿಪೇರಿ", "ರಿಪೇರಿಗೆ", "ರಿಪೇರಿಯ" ಇವನ್ನು ಟೂಲ್ ಮೂರು ಪದವೆಂದು ಎಣಿಸುತ್ತದೆ. ಪದದ ಆರಂಭವನ್ನು ಹಿಡಿದು ಗುಂಪು ಮಾಡುವ ಫಿಲ್ಟರ್ ಇಲ್ಲದಿದ್ದರೆ ಲೆಕ್ಕ ಚದುರಿಹೋಗುತ್ತದೆ.

ಬಜೆಟ್ ಕಾಯುವ ಟೂಲ್

ಗೂಗಲ್‌ನ ದಿನದ ಬಜೆಟ್ ಸರಾಸರಿ ಲೆಕ್ಕ. ಒಂದು ದಿನ ಅದರ ದುಪ್ಪಟ್ಟಿನವರೆಗೂ ಖರ್ಚಾಗಬಹುದು. ತಿಂಗಳಿಗೆ ಮಿತಿ ದಿನದ ಬಜೆಟ್‌ನ 30.4 ಪಟ್ಟು. ತಿಂಗಳಿಗೆ 60,000 ಎಂದುಕೊಂಡು ದಿನಕ್ಕೆ 2,000 ಇಟ್ಟರೆ ಗೂಗಲ್‌ನ ಮಿತಿ 60,800. ಆಗಲೇ 800 ಹೆಚ್ಚು. 30 ದಿನದ ತಿಂಗಳಲ್ಲಿ 12ನೇ ದಿನದ ಕೊನೆಗೆ 30,000 ಖರ್ಚಾಗಿದ್ದರೆ ಉಳಿದ 18 ದಿನಕ್ಕೆ ದಿನಕ್ಕೆ 1,666 ಮಾತ್ರ. ಪೇಸಿಂಗ್ ಟೂಲ್ ಮಾಡುವುದು ಈ ಭಾಗಾಕಾರವನ್ನೇ.

ತೊಡಕು ಇರುವುದು ಬೇರೆ ಕಡೆ. ತಿಂಗಳ ಮಧ್ಯೆ ದಿನದ ಬಜೆಟ್ ಬದಲಾದರೆ ಉಳಿದ ದಿನಗಳ ಮಿತಿಯನ್ನು ಗೂಗಲ್ ಹೊಸ ಬಜೆಟ್‌ನ ಮೇಲೆ ಹೊಸದಾಗಿ ಲೆಕ್ಕ ಹಾಕುತ್ತದೆ. ಟೂಲ್ ದಿನಕ್ಕೆ ನಾಲ್ಕು ಸಲ ಬಜೆಟ್ ಮುಟ್ಟಿದರೆ ತಿಂಗಳ ಮಿತಿಯ ಮೇಲೆ ನೀವು ನೆಚ್ಚಿಕೊಳ್ಳುವಂತಿಲ್ಲ. ಜೊತೆಗೆ ಖರ್ಚಿನ ಅಂಕಿ ಟೂಲ್‌ಗೆ ತಲುಪುವುದು ಕೆಲವು ಗಂಟೆ ತಡವಾಗಿ. ಹೀಗಾಗಿ ಮಾರುವವರಿಗೆ ಮೂರು ವಿಷಯ ನೇರವಾಗಿ ಕೇಳಿ. ಬಜೆಟ್ ಮುಗಿದಾಗ ಟೂಲ್ ಕ್ಯಾಂಪೇನ್ ನಿಲ್ಲಿಸುತ್ತದೆಯೇ, ಬರೀ ಮೇಲ್ ಕಳಿಸುತ್ತದೆಯೇ? ನಿಲ್ಲಿಸಿದ್ದನ್ನು ಒಂದನೇ ತಾರೀಖು ತಾನೇ ಶುರು ಮಾಡುತ್ತದೆಯೇ? ಮಾಡುವುದಾದರೆ, ನೀವು ಬೇರೆ ಕಾರಣಕ್ಕೆ ನಿಲ್ಲಿಸಿದ್ದ ಕ್ಯಾಂಪೇನನ್ನೂ ಎಬ್ಬಿಸಿಬಿಡುತ್ತದೆಯೇ? ಈ ಮೂರನೆಯದು ಅಪರೂಪದ ಅನಾಹುತವೇನಲ್ಲ. ಹಲವು ಕ್ಯಾಂಪೇನ್‌ಗಳಿಗೆ ಒಂದೇ ಶೇರ್ಡ್ ಬಜೆಟ್ ಇದ್ದರೆ ಟೂಲ್ ಅದನ್ನು ಪ್ರತಿ ಕ್ಯಾಂಪೇನ್‌ಗೂ ಪ್ರತ್ಯೇಕವಾಗಿ ಕೂಡಿ ದುಪ್ಪಟ್ಟು ಬಜೆಟ್ ತೋರಿಸುತ್ತದೆಯೇ ಎಂದೂ ಪರೀಕ್ಷಿಸಿ.

ಡೆಮೊ ನೋಡಿದ್ದು ಸಾಕು, ನಿಮ್ಮ ಖಾತೆಯನ್ನೇ ಜೋಡಿಸಿ

ಡೆಮೊದ ಖಾತೆ ಯಾವಾಗಲೂ ಚೊಕ್ಕ. ನಿಮ್ಮದನ್ನು ಜೋಡಿಸದೆ ಏನೂ ತಿಳಿಯುವುದಿಲ್ಲ. ಆದರೆ ಜೋಡಿಸುವ ರೀತಿ ಇದೆ. ಪಾಸ್‌ವರ್ಡ್ ಯಾರಿಗೂ ಕೊಡುವುದು ಬೇಡ, ಕೇಳಿದವರನ್ನು ಅಲ್ಲೇ ಬಿಟ್ಟುಬಿಡಿ. ಟೂಲ್‌ಗಳು ಗೂಗಲ್ ಲಾಗಿನ್ ಮೂಲಕ ಅನುಮತಿ ಪಡೆಯುತ್ತವೆ. ಗೂಗಲ್ ಆಡ್ಸ್‌ನ ಎಪಿಐ (ಟೂಲ್‌ಗಳು ಖಾತೆಯ ಜೊತೆ ಮಾತಾಡುವ ದಾರಿ) ಅನುಮತಿಯಲ್ಲಿ "ಓದಲು ಮಾತ್ರ" ಎಂಬ ಬೇರೆ ಬಗೆ ಇಲ್ಲ. ಲಾಗಿನ್ ಆದ ಯೂಸರ್‌ಗೆ ಎಷ್ಟು ಅಧಿಕಾರವಿದೆಯೋ ಅಷ್ಟೂ ಟೂಲ್‌ಗೆ ಹೋಗುತ್ತದೆ. ನಿಮ್ಮ ಅಡ್ಮಿನ್ ಐಡಿಯಿಂದ ಜೋಡಿಸಿದರೆ ಟೂಲ್ ಕೂಡ ಅಡ್ಮಿನ್.

ಆದ್ದರಿಂದ ಟ್ರಯಲ್ ಹೀಗೆ ಮಾಡಿ:

1. ಟೂಲ್‌ಗೆಂದೇ ಒಂದು ಹೊಸ ಗೂಗಲ್ ಐಡಿ ತೆರೆದು, ಗೂಗಲ್ ಆಡ್ಸ್‌ನಲ್ಲಿ ಅದಕ್ಕೆ ರೀಡ್ ಓನ್ಲಿ ಅಧಿಕಾರ ಕೊಟ್ಟು, ಆ ಐಡಿಯಿಂದಲೇ ಜೋಡಿಸಿ.
2. ಎರಡು ತಿಂಗಳ ಹಿಂದಿನ ಒಂದು ಪೂರ್ತಿ ವಾರ ಆರಿಸಿಕೊಳ್ಳಿ. ಗೂಗಲ್ ಆಡ್ಸ್‌ನಲ್ಲಿ ಮತ್ತು ಟೂಲ್‌ನಲ್ಲಿ ಕ್ಲಿಕ್, ಖರ್ಚು, ಕನ್ವರ್ಷನ್ ಈ ಮೂರನ್ನೂ ಕ್ಯಾಂಪೇನ್‌ವಾರು ಹೋಲಿಸಿ.
3. ಕಳೆದ ವಾರದ ಅಂಕಿಗಳನ್ನು ಟೂಲ್‌ನಿಂದ ಇಳಿಸಿಟ್ಟುಕೊಳ್ಳಿ. ಹತ್ತು ದಿನ ಬಿಟ್ಟು ಅದೇ ವಾರವನ್ನು ಮತ್ತೆ ಇಳಿಸಿ.
4. ಎಲ್ಲ ಸರಿ ಇದ್ದ ಮೇಲೆ ಒಂದೇ ಒಂದು ಸಣ್ಣ ಕ್ಯಾಂಪೇನ್‌ನಲ್ಲಿ ಬದಲಾವಣೆ ಮಾಡಿಸಿ ನೋಡಿ. ಅದಕ್ಕೆ ಆ ಐಡಿಯನ್ನು ಸ್ಟ್ಯಾಂಡರ್ಡ್ ಅಧಿಕಾರಕ್ಕೆ ಏರಿಸಬೇಕಾಗುತ್ತದೆ. ಅಡ್ಮಿನ್ ಬೇಡ.

ಎರಡನೇ ಹೆಜ್ಜೆಯಲ್ಲಿ ಕ್ಲಿಕ್, ಖರ್ಚು ಬಹುತೇಕ ಕರಾರುವಾಕ್ಕಾಗಿ ಹೊಂದಬೇಕು. ಖರ್ಚು ಹತ್ತು ಲಕ್ಷ ಪಟ್ಟು ಹೆಚ್ಚಿದ್ದರೆ ಗಾಬರಿ ಬೇಡ: ಎಪಿಐ ಖರ್ಚನ್ನು ಮೈಕ್ರೋ ಲೆಕ್ಕದಲ್ಲಿ (ಒಂದು ರೂಪಾಯಿಗೆ ಹತ್ತು ಲಕ್ಷ) ಕೊಡುತ್ತದೆ, ಭಾಗಿಸುವುದನ್ನು ಯಾರೋ ಮರೆತಿದ್ದಾರೆ. ಕನ್ವರ್ಷನ್ ಮಾತ್ರ ಹೊಂದದಿದ್ದರೆ ಮೊದಲು ಕಾಲಂ ನೋಡಿ. "ಕನ್ವರ್ಷನ್ಸ್" ಕಾಲಂನಲ್ಲಿ ಪ್ರೈಮರಿ ಎಂದು ಗುರುತಿಸಿದವು ಮಾತ್ರ ಇರುತ್ತವೆ. "ಆಲ್ ಕನ್ವರ್ಷನ್ಸ್"ನಲ್ಲಿ ಉಳಿದವೂ ಸೇರುತ್ತವೆ. ಟೂಲ್ ಎರಡನೆಯದನ್ನು ಎತ್ತಿಕೊಂಡು ಸಲಹೆ ಕೊಡುತ್ತಿದ್ದರೆ, ಫೋನ್ ನಂಬರ್ ಒತ್ತಿದ್ದಕ್ಕೂ ಆರ್ಡರ್‌ಗೂ ಒಂದೇ ಬೆಲೆ ಕಟ್ಟಿದಂತಾಗುತ್ತದೆ.

ಮೂರನೇ ಹೆಜ್ಜೆ ಏಕೆಂದರೆ, ಗೂಗಲ್ ಆಡ್ಸ್ ಕನ್ವರ್ಷನ್ ಅನ್ನು ಅದು ನಡೆದ ದಿನಕ್ಕಲ್ಲ, ಕ್ಲಿಕ್ ಆದ ದಿನಕ್ಕೆ ಬರೆಯುತ್ತದೆ. ಸೋಮವಾರ ಕ್ಲಿಕ್ ಮಾಡಿ ಮುಂದಿನ ಗುರುವಾರ ಕೊಂಡರೆ ಅದು ಸೋಮವಾರದ ಲೆಕ್ಕಕ್ಕೆ. ಹಾಗಾಗಿ ಈಚಿನ ದಿನಗಳು ಯಾವಾಗಲೂ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತವೆ, ಆಮೇಲೆ ತುಂಬಿಕೊಳ್ಳುತ್ತವೆ. ಒಮ್ಮೆ ತಂದ ಅಂಕಿಯನ್ನು ಮತ್ತೆ ತರದ ಟೂಲ್‌ನಲ್ಲಿ ಅವು ತುಂಬಿಕೊಳ್ಳುವುದೇ ಇಲ್ಲ. ಹತ್ತು ದಿನದ ನಂತರವೂ ಟೂಲ್‌ನ ಅಂಕಿ ಅಲ್ಲಾಡದೆ, ಗೂಗಲ್‌ನಲ್ಲಿ ಏರಿದ್ದರೆ ಆ ಟೂಲ್‌ನ ಪ್ರತಿಯೊಂದು ಸಲಹೆಯೂ ಅರೆಬರೆ ಅಂಕಿಯ ಮೇಲೆ ನಿಂತಿದೆ ಎಂದರ್ಥ.

ಗೂಗಲ್, ಮೆಟಾ ಎರಡನ್ನೂ ಒಂದೇ ಡ್ಯಾಶ್‌ಬೋರ್ಡ್‌ನಲ್ಲಿ ಕೂಡಿ ತೋರಿಸುವ ಟೂಲ್ ಆದರೆ ಇನ್ನೂ ಎಚ್ಚರ. ಮೆಟಾ ತಾನಾಗಿ ಎಣಿಸುವುದು ಕ್ಲಿಕ್ ಆದ 7 ದಿನ ಮತ್ತು ಬರೀ ನೋಡಿದ 1 ದಿನದೊಳಗಿನದ್ದನ್ನು. ಗೂಗಲ್‌ನಲ್ಲಿ ಸಾಮಾನ್ಯವಾಗಿ ಕ್ಲಿಕ್‌ನಿಂದ 30 ದಿನ. ಒಬ್ಬರೇ ಗಿರಾಕಿ ಎರಡೂ ಕಡೆ ಕ್ಲಿಕ್ ಮಾಡಿ ಒಂದು ಆರ್ಡರ್ ಕೊಟ್ಟರೆ ಇಬ್ಬರೂ ತಮ್ಮದೆನ್ನುತ್ತಾರೆ, ಡ್ಯಾಶ್‌ಬೋರ್ಡ್ ಎರಡೆಂದು ಕೂಡುತ್ತದೆ. ಒಟ್ಟು ಆರ್ಡರ್ ಸಂಖ್ಯೆಯನ್ನು ಮಾರಾಟದ ಸ್ವಂತ ದಾಖಲೆಯಿಂದ ಪಕ್ಕದಲ್ಲಿ ತೋರಿಸಲು ಅವಕಾಶವಿಲ್ಲದ ಟೂಲ್‌ನಲ್ಲಿ ಈ "ಒಟ್ಟು" ಕಾಲಂ ಅನ್ನು ನಂಬಬೇಡಿ.

ನಾಲ್ಕನೇ ಹೆಜ್ಜೆಯಲ್ಲಿ, ಟೂಲ್‌ಗೆ ಬೇರೆ ಐಡಿ ಕೊಟ್ಟಿದ್ದರ ಲಾಭ ಕಾಣುತ್ತದೆ. ಗೂಗಲ್ ಆಡ್ಸ್‌ನ ಚೇಂಜ್ ಹಿಸ್ಟರಿಯಲ್ಲಿ ಆ ಐಡಿಯನ್ನು ಫಿಲ್ಟರ್ ಮಾಡಿದರೆ ಟೂಲ್ ಮುಟ್ಟಿದ್ದೆಲ್ಲ ಸಾಲಾಗಿ ನಿಲ್ಲುತ್ತದೆ. ಟೂಲ್ ಹೇಳಿಕೊಂಡದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಬಟನ್ ಇದೆಯೇ, ಅದು ನಿಜವಾಗಿ ಹಳೆಯ ಮೌಲ್ಯವನ್ನೇ ತರುತ್ತದೆಯೇ ಎಂದೂ ಒಂದು ಸಲ ಒತ್ತಿ ನೋಡಿ.

ಬೆಲೆಯ ಲೆಕ್ಕ

ಬೆಲೆ ಮೂರು ಬಗೆ: ಜಾಹೀರಾತು ಖರ್ಚಿನ ಇಷ್ಟು ಶೇಕಡಾ, ಖಾತೆಗಿಷ್ಟು, ತಿಂಗಳಿಗಿಷ್ಟು. ಶೇಕಡಾ ಲೆಕ್ಕದಲ್ಲಿ ಸೀಸನ್‌ನಲ್ಲಿ ಖರ್ಚು ಮೂರು ಪಟ್ಟಾದರೆ ಶುಲ್ಕವೂ ಮೂರು ಪಟ್ಟು, ಟೂಲ್ ಮಾಡುವ ಕೆಲಸ ಮಾತ್ರ ಅಷ್ಟೇ. ಸ್ಲ್ಯಾಬ್ ಇದ್ದರೆ, ಒಂದು ತಿಂಗಳು ಮೇಲಿನ ಸ್ಲ್ಯಾಬ್‌ಗೆ ಹೋದವರು ಮುಂದಿನ ತಿಂಗಳು ತಾವಾಗಿ ಕೆಳಗಿಳಿಯುತ್ತಾರೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಕೊಳ್ಳಬೇಕೇ ಬೇಡವೇ ಎನ್ನುವುದಕ್ಕೆ ಶುರುವಿನಲ್ಲಿ ಬರೆದಿಟ್ಟ ಶೀಟ್ ತೆಗೆಯಿರಿ. ತಿಂಗಳ ಖರ್ಚು 1,00,000, ಶುಲ್ಕ ಶೇ 3 ಆದರೆ 3,000. ಟ್ರಯಲ್‌ನಲ್ಲಿ ಉಳಿದದ್ದು ತಿಂಗಳಿಗೆ 6 ಗಂಟೆ, ಗಂಟೆಯ ಬೆಲೆ 300 ಎಂದರೆ 1,800. ಬೇಡ. ಅದೇ 3,000 ಶುಲ್ಕಕ್ಕೆ ಟೂಲ್ ಎಂಟು ಖಾತೆಗಳ ಸರ್ಚ್ ಟರ್ಮ್ ಕೆಲಸವನ್ನು ಒಟ್ಟಿಗೆ ಮಾಡಿಸಿ 20 ಗಂಟೆ, ಅಂದರೆ 6,000, ಉಳಿಸಿದರೆ ಬೇಕು. "ಶೇ ಇಷ್ಟು ಕನ್ವರ್ಷನ್ ಹೆಚ್ಚುತ್ತದೆ" ಎಂಬ ಮಾರಾಟದ ಮಾತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನು ನೋಡಲೇಬೇಕೆಂದರೆ ಗೂಗಲ್ ಆಡ್ಸ್‌ನ ಎಕ್ಸ್‌ಪೆರಿಮೆಂಟ್‌ನಲ್ಲಿ ಕ್ಯಾಂಪೇನ್ ಅನ್ನು 50-50 ಒಡೆದು, ಒಂದು ಭಾಗವನ್ನು ಟೂಲ್‌ಗೆ ಬಿಟ್ಟು, ಮೊದಲ ಒಂದೆರಡು ವಾರ ಕಲಿಕೆಗೆಂದು ಬಿಟ್ಟು, ಆಮೇಲಿನ ನಾಲ್ಕು ವಾರವನ್ನು ಹೋಲಿಸಿ. 14 ದಿನದ ಟ್ರಯಲ್‌ನಲ್ಲಿ ಇದು ಸಾಧ್ಯವಿಲ್ಲ. ಟ್ರಯಲ್ ಅವಧಿ ಹೆಚ್ಚಿಸಿ ಎಂದು ಕೇಳಿ ನೋಡಿ.

ಬಿಡುವಾಗ ಏನಾಗುತ್ತದೆ ಎಂಬುದನ್ನು ಸೇರುವಾಗಲೇ ನೋಡಿ

ಜಾಹೀರಾತು ಖಾತೆ ನಿಮ್ಮ ಹೆಸರಿನಲ್ಲೇ, ನಿಮ್ಮ ಅಡ್ಮಿನ್ ಐಡಿಯಲ್ಲೇ ಇರಬೇಕು. "ನಮ್ಮಲ್ಲೇ ಖಾತೆ ತೆರೆಯುತ್ತೇವೆ" ಎನ್ನುವವರಿಂದ ಹೊರಬಂದರೆ ವರ್ಷಗಳ ಹಿಸ್ಟರಿ ಅವರ ಬಳಿಯೇ ಉಳಿಯುತ್ತದೆ.

ಟ್ರ್ಯಾಕಿಂಗ್ ಬಗ್ಗೆ ಕೇಳಿ. ಕೆಲವು ಟೂಲ್‌ಗಳು ಟ್ರ್ಯಾಕಿಂಗ್ ಟೆಂಪ್ಲೇಟ್‌ನಲ್ಲಿ (ಕ್ಲಿಕ್‌ಗಳ ಲೆಕ್ಕ ಇಡಲು ಬಳಸುವ ವಿಳಾಸದ ನಮೂನೆ) ತಮ್ಮ ಸರ್ವರ್ ವಿಳಾಸ ಹಾಕುತ್ತವೆ. 2018ರ ಅಕ್ಟೋಬರ್ 30ರಿಂದ ಗೂಗಲ್‌ನ ಸರ್ಚ್ ಮತ್ತು ಶಾಪಿಂಗ್ ಜಾಹೀರಾತುಗಳಿಗೆ ಪ್ಯಾರಲಲ್ ಟ್ರ್ಯಾಕಿಂಗ್ ಕಡ್ಡಾಯ. ಕ್ಲಿಕ್ ಮಾಡಿದವರು ನೇರ ನಿಮ್ಮ ಪೇಜ್‌ಗೆ ಬರುತ್ತಾರೆ, ಟ್ರ್ಯಾಕಿಂಗ್ ಹಿನ್ನೆಲೆಯಲ್ಲಿ ನಡೆಯುತ್ತದೆ. ಆದರೆ ಇದನ್ನು ಬೆಂಬಲಿಸದ ಬ್ರೌಸರ್‌ಗಳಲ್ಲಿ ಕ್ಲಿಕ್ ಇಂದಿಗೂ ಆ ಸರ್ವರ್ ಹಾದೇ ಬರುತ್ತದೆ. ಟೂಲ್ ಬಿಟ್ಟ ಮೇಲೂ ಟೆಂಪ್ಲೇಟ್ ಹಾಗೇ ಉಳಿದಿದ್ದರೆ ಅವರ ಸರ್ವರ್ ಮುಚ್ಚಿದ ದಿನ ಅಂಥವರಿಗೆ ನಿಮ್ಮ ಪೇಜ್ ತೆರೆಯುವುದಿಲ್ಲ. ಟೆಂಪ್ಲೇಟ್ ಅನ್ನು ಅಕೌಂಟ್ ಮಟ್ಟದಲ್ಲಿ ಮಾತ್ರ ಹಾಕಲು ಹೇಳಿ. ಆಗ ತೆಗೆಯುವುದು ಒಂದೇ ಕಡೆ, ಜಾಹೀರಾತುಗಳು ಮತ್ತೆ ರಿವ್ಯೂಗೆ ಹೋಗುವುದೂ ತಪ್ಪುತ್ತದೆ. ಒಂದೊಂದು ಜಾಹೀರಾತಿಗೂ ಹಾಕಿದ್ದರೆ ಎಡಿಟರ್‌ನಲ್ಲಿ ಕೂತು ಹುಡುಕಿ ತೆಗೆಯಬೇಕು.

ಬಿಡುವ ದಿನ ಮಾಡಬೇಕಾದ್ದು ಇಷ್ಟು: ಟೂಲ್‌ನಲ್ಲಿರುವ ನಿಯಮಗಳನ್ನೆಲ್ಲ ನಿಲ್ಲಿಸಿ, ರಿಪೋರ್ಟ್‌ಗಳನ್ನು ಸಿಎಸ್‌ವಿಗೆ ಇಳಿಸಿ, ಗೂಗಲ್ ಆಡ್ಸ್‌ನಲ್ಲಿ ಟೂಲ್ ಐಡಿಯನ್ನು ತೆಗೆದುಹಾಕಿ, ಮ್ಯಾನೇಜರ್ ಅಕೌಂಟ್ ಜೋಡಣೆ ಇದ್ದರೆ ಅದನ್ನೂ ಬಿಡಿಸಿ, ಆ ಗೂಗಲ್ ಐಡಿಯ ಥರ್ಡ್ ಪಾರ್ಟಿ ಅನುಮತಿಗಳ ಪುಟದಲ್ಲಿ ಟೂಲ್‌ನ ಹೆಸರು ಅಳಿಸಿ. ಒಂದು ವಾರದ ನಂತರ ಚೇಂಜ್ ಹಿಸ್ಟರಿ ತೆರೆದು ಆ ಐಡಿಯ ಹೆಸರಿನಲ್ಲಿ ಹೊಸ ಸಾಲು ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಿ.